ಗಂಟಿಲ್ಲದ ಬೇಲಿಪಟ್ಟಿ

ಬೆಳಗ್ಗೆ ಐದು ಗಂಟೆ ಐವತ್ತು ನಿಮಿಷಕ್ಕೆ ಹಿಲ್ಡಾ ಬೆಕ್ ಹಾಸಿಗೆಯ ಅಂಚಿನಲ್ಲಿ ಕುಳಿತು ಎಡಗಾಲಿಗೆ ಕಾಲುಚೀಲ ಏರಿಸುತ್ತಿದ್ದಳು. ಸೊಂಟದ ಕೀಲು ಬದಲಿಸಿ ಹತ್ತು ವಾರವಾಗಿತ್ತು, ಬಗ್ಗುವಂತಿರಲಿಲ್ಲ. ಆಸ್ಪತ್ರೆಯವರು ಕೊಟ್ಟಿದ್ದ ದೊನ್ನೆಯಂಥ ಪ್ಲಾಸ್ಟಿಕ್ ಸಾಧನಕ್ಕೆ ಚೀಲ ತೊಡಿಸಿ, ಅದರ ಎರಡು ದಾರಗಳನ್ನು ಸಮವಾಗಿ ಎಳೆಯಬೇಕು. ಪಕ್ಕದಲ್ಲಿ ಗಂಡ ವಿಲ್ಫ್ ಗೋಡೆಯತ್ತ ತಿರುಗಿ ಮಲಗಿದ್ದ. ಅವನು ಏಳುವ ಮೊದಲು ಅವಳು ಹೊಲದ ಶೆಡ್ಡಿಗೆ ಹೋಗಿ, ಅಲ್ಲಿರುವುದನ್ನು ಒಬ್ಬಳೇ ನೋಡಬೇಕಿತ್ತು. ಬೈಯುವುದಿದ್ದರೆ ಗೋಡೆಗೆ ಬೈದು ಮುಗಿಸಿ, ಮುಖ ಸರಿಮಾಡಿಕೊಂಡು ತಿಂಡಿಗೆ ಬಂದು ಕೂರಬೇಕಿತ್ತು.

ಕಾರಣ ಡ್ಯಾಮ್ಸನ್. ಹತ್ತೊಂಬತ್ತು ವರ್ಷದ ಕಪ್ಪು ಹೆಣ್ಣುಕುದುರೆ, ಮರಿಯಷ್ಟೇ ಎತ್ತರದ ಬೆಟ್ಟದ ತಳಿ, ಹಿಲ್ಡಾ ಅದನ್ನು ಹಾಲು ಬಿಡಿಸಿದಾಗಿನಿಂದ ಸಾಕಿದ್ದಳು. ಹೋದ ವಸಂತದಲ್ಲಿ ಎಳೆಹುಲ್ಲಿನ ಸಕ್ಕರೆ ಹೆಚ್ಚಾಗಿ ಅದರ ಗೊರಸಿನ ಒಳಪದರ ಊದಿಕೊಂಡಿತ್ತು. ಒಂಬತ್ತು ದಿನ ಅದು ಮುಂಗಾಲು ಊರಲಿಲ್ಲ. "ಇನ್ನೊಂದು ಸಲ ಹೀಗಾದ್ರೆ ನಾನು ಬರೋದು ಔಷಧಿ ಕೊಡೋಕಲ್ಲ, ಹಿಲ್ಡಾ," ಎಂದು ಪಶುವೈದ್ಯೆ ಹೇಳಿ ಹೋಗಿದ್ದಳು. ಅಂದಿನಿಂದ ಒಂದೂವರೆ ಎಕರೆ ಹೊಲದ ಅಂಚಿನಲ್ಲಿ ನಾಲ್ಕು ಹೆಜ್ಜೆ ಅಗಲದ ದಾರಿ ಮಾತ್ರ ಅದರದು. ದಾರಿಯ ಒಳಬದಿಗೆ ವಿದ್ಯುತ್ ಹರಿಯುವ ಬಿಳಿ ಪಟ್ಟಿಯ ಬೇಲಿ, ಒಟ್ಟು ಮುನ್ನೂರು ಮೀಟರ್.

ಚಳಿಗಾಲದಲ್ಲಿ ಆ ಬೇಲಿ ಬೇಕಿರಲಿಲ್ಲ. ಪಕ್ಕದ ಆಡ್ರಿ ಫಾಸೆಟ್ ತನ್ನ ಕುರಿಯಂಗಳದ ಒಂದು ಮೂಲೆಯನ್ನು ಡ್ಯಾಮ್ಸನ್‌ಗೆ ಬಿಟ್ಟುಕೊಟ್ಟಿದ್ದಳು. ಇವತ್ತು ಮಧ್ಯಾಹ್ನದಿಂದ ಆಡ್ರಿಯ ಅವಳಿ ಮರಿ ಹೊತ್ತ ಕುರಿಗಳು ಈಯಲು ಅಲ್ಲಿಗೆ ಬರುತ್ತವೆ. ಮಧ್ಯಾಹ್ನದೊಳಗೆ ಬೇಲಿ ನಿಲ್ಲದಿದ್ದರೆ ಕುದುರೆಗೆ ಹೋಗಲು ಇಡೀ ಹೊಲವೇ ಗತಿ, ಹೊಲದಲ್ಲಿ ಬೆರಳುದ್ದ ಹುಲ್ಲು ಎದ್ದಿತ್ತು. ಹೊಸ ಪಟ್ಟಿ ತರೋಣವೆಂದರೆ ಈಸ್ಟರ್ ಭಾನುವಾರ, ಅಂಗಡಿಗೆ ಬೀಗ.

ಮುನ್ನೂರು ಮೀಟರ್ ಪಟ್ಟಿ ಶೆಡ್ಡಿನಲ್ಲಿದೆ, ಸರಿ. ಆದರೆ ಅದನ್ನು ಹೇಗೆ ಸುತ್ತಿಟ್ಟಿದೆ ಎಂಬುದನ್ನು ಹಿಲ್ಡಾ ಕಣ್ಣಾರೆ ಕಂಡಿದ್ದಳು.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಅಡುಗೆಮನೆ ಕಿಟಕಿಯಿಂದ ನೋಡುತ್ತಾಳೆ, ವಿಲ್ಫ್ ಹೊಲದಲ್ಲಿ ನಿಂತು ಪಟ್ಟಿಯನ್ನು ಹೆಬ್ಬೆರಳಿನ ಸಂದಿಯಿಂದ ಮೊಣಕೈಗೆ, ಮೊಣಕೈಯಿಂದ ಹೆಬ್ಬೆರಳಿಗೆ ಸುತ್ತುತ್ತಿದ್ದಾನೆ! ಬಟ್ಟೆ ಒಣಗಿಸುವ ಹಗ್ಗ ಸುತ್ತಿದಂತೆ. ಆ ಸೀಮೆಯಲ್ಲಿ ಎಲ್ಲರೂ ಹಾಗೇ ಸುತ್ತುವುದು, ವಸಂತ ಬಂದಾಗ ಎಲ್ಲರೂ ಹಾಗೇ ಗಂಟು ಬಿಡಿಸುತ್ತಾ ಶಪಿಸುವುದು. ಹಿಲ್ಡಾಳ ಬಾಯಿಗೆ ಬಂದ ಮಾತು ಹಲ್ಲಿನ ಹಿಂದೆಯೇ ನಿಂತಿತು. ಜಗಳವಾಡಿಕೊಂಡು ಆಪರೇಷನ್ ಮೇಜಿನ ಮೇಲೆ ಮಲಗುವುದು ಅವಳಿಗೆ ಬೇಡವಾಗಿತ್ತು. ಹತ್ತು ವಾರ ಆ ಮಾತನ್ನು ನುಂಗಿಕೊಂಡೇ ಇದ್ದಳು.

ಸುತ್ತುವುದೆಂದರೆ ಅವಳಿಗೆ ಹುಡುಗಾಟವಲ್ಲ. ಹದಿನಾರನೆಯ ವಯಸ್ಸಿಗೆ ಕಾರ್ಪೆಟ್ ಗಿರಣಿ ಸೇರಿ, ಅದು ಮುಚ್ಚುವವರೆಗೆ ಇಪ್ಪತ್ತೆರಡು ವರ್ಷ ಉಣ್ಣೆನೂಲು ಸುತ್ತುವ ವಿಭಾಗದಲ್ಲಿದ್ದವಳು. ಆಮೇಲೆ ಶಾಲೆಯ ಅಡುಗೆಮನೆಯಲ್ಲಿ ದುಡಿದಳು, ಅಲ್ಲಿಯೂ ನೀರಿನ ಪೈಪು, ವಿದ್ಯುತ್ ವೈರು ಯಾವುದಕ್ಕೂ ಬೇರೆಯವರ ಕೈ ಸೋಕಗೊಡಲಿಲ್ಲ. ಡಿಸೆಂಬರ್ ಬಂತೆಂದರೆ ಊರವರು ಸಿಕ್ಕುಗಟ್ಟಿದ ಕ್ರಿಸ್‌ಮಸ್ ದೀಪದ ಸರಗಳನ್ನು ಅವಳ ಬಾಗಿಲ ಮುಂದೆ ಇಟ್ಟು ಹೋಗುತ್ತಿದ್ದರು, ಜೊತೆಗೆ ಆರು ಮೊಟ್ಟೆಯೋ ಒಂದು ಬಾಟಲಿ ಜಾಮೋ. ಗಿರಣಿ ಕಲಿಸಿದ ಲೆಕ್ಕ ಸರಳ. ಉರುಳೆಯನ್ನೇ ತಿರುಗಿಸುತ್ತ ಬಿಚ್ಚಿದರೆ ಎಳೆಗೆ ತಿರುಚು ಬೀಳದು. ಸುರುಳಿಯನ್ನು ನಿಲ್ಲಿಸಿ ತುದಿಯಿಂದ ಎಳೆದರೆ ಪ್ರತಿ ಸುತ್ತಿಗೂ ಒಂದು ತಿರುಚು. ಮೊಣಕೈ ಸುರುಳಿಯಲ್ಲಿ ಒಂದು ಸುತ್ತಿಗೆ ಹೆಚ್ಚುಕಡಿಮೆ ಒಂದು ಮೀಟರ್, ಅಂದರೆ ಮುನ್ನೂರು ಮೀಟರಿಗೆ ಮುನ್ನೂರು ತಿರುಚು. ಚಪ್ಪಟೆ ಪಟ್ಟಿ ತಿರುಚಿಕೊಂಡರೆ ಗಂಟಾಗುತ್ತದೆ, ಗಂಟನ್ನು ಜಗ್ಗಿದರೆ ಒಳಗಿನ ಕೂದಲೆಳೆಯಂಥ ಉಕ್ಕಿನ ತಂತಿಗಳು ಮುರಿಯುತ್ತವೆ. ಆಮೇಲೆ ಬೇಲಿ ನೋಡಲು ಬೇಲಿ, ಮುಟ್ಟಿದರೆ ಬರೀ ರಿಬ್ಬನ್ನು. ಡ್ಯಾಮ್ಸನ್‌ಗೆ ಅದು ಅರ್ಧ ದಿನದಲ್ಲಿ ಗೊತ್ತಾಗುತ್ತದೆ.

ಊರುಗೋಲು ಹಿಡಿದು ಕಲ್ಲುಗೋಡೆಯ ಓಣಿಯಲ್ಲಿ ಮುನ್ನೂರು ಹೆಜ್ಜೆಗೂ ಹೆಚ್ಚು ನಡೆದು ಶೆಡ್ಡು ತಲುಪುವಾಗ ಆರೂಕಾಲು. ಚಿಲಕ ತೆಗೆದಳು. ಬಾಗಿಲ ಹಿಂದೆ ಕುದುರೆ ಮೇವಿನ ಖಾಲಿ ಚೀಲ, ಚೀಲದ ಬಾಯಲ್ಲಿ ಬಿಳಿ ಪಟ್ಟಿಯ ಮುದ್ದೆ. ಊರುಗೋಲಿನ ತುದಿಯಿಂದ ಒಂದು ಎಳೆ ಎತ್ತಿದಳು. ಇಡೀ ಮುದ್ದೆ ಜೊತೆಗೇ ಎದ್ದುಬಂತು.

ಹಿಲ್ಡಾ ಹುಲ್ಲಿನ ಪಿಂಡಿಯ ಮೇಲೆ ಕುಸಿಯುವಂತಿರಲಿಲ್ಲ, ಡಾಕ್ಟರರ ಅಪ್ಪಣೆ ಇರಲಿಲ್ಲ. ನಿಂತೇ ಲೆಕ್ಕ ಹಾಕಿದಳು. ಮಧ್ಯಾಹ್ನಕ್ಕೆ ಉಳಿದಿದ್ದು ಐದು ಗಂಟೆ ನಲವತ್ತೈದು ನಿಮಿಷ. ಇಂಥ ಮುದ್ದೆ ಬಿಡಿಸಲು ಹಿಂದೊಮ್ಮೆ ಅವಳಿಗೆ ಎರಡು ದಿನ ಹಿಡಿದಿತ್ತು, ಅದೂ ಬಗ್ಗುವ ಸೊಂಟವಿದ್ದಾಗ.

"ಅದನ್ಯಾಕೆ ಕೆದಕ್ತಿದ್ದೀಯೇ?"

ವಿಲ್ಫ್. ರಾತ್ರಿಯುಡುಗೆಯ ಮೇಲೆ ಕೋಟು, ಕೈಯಲ್ಲಿ ಚಹಾದ ಫ್ಲಾಸ್ಕು.

"ನಿದ್ದೆ ಮಾಡ್ತಿದ್ಯಲ್ಲ ನೀನು!"

"ನೀನು ಕಾಲುಚೀಲದ ಜೊತೆ ಕುಸ್ತಿ ಮಾಡ್ತಿದ್ರೆ ಯಾರಿಗೆ ನಿದ್ದೆ ಬರುತ್ತೆ? ಬಿಡು ಅದನ್ನ. ಹರಿದ ತುಂಡುಗಳು ಕಣೇ ಅವು, ಗೇಟು ಕಟ್ಟೋಕೆ ಇಟ್ಟಿದ್ದು."

"ಹಾಗಾದ್ರೆ ಬೇಲಿ ಎಲ್ಲಿ?"

ವಿಲ್ಫ್ ಗೋಡೆಗೆ ತೂಗಿದ್ದ ಕುದುರೆ ಕಂಬಳಿಯನ್ನು ಸರಿಸಿದ. ಹಿಂದೆ ಮೂರು ಮೊಳೆ, ಮೂರು ಹಲಗೆ. ಪ್ರತಿ ಹಲಗೆಗೆ ಎರಡು ಗೂಟ, ಗೂಟಗಳ ನಡುವೆ ಇಂಗ್ಲಿಷ್ ಎಂಟರ ಆಕಾರದಲ್ಲಿ ಪಟ್ಟಿ, ಒಂದರ ಮೇಲೊಂದು ಚಪ್ಪಟೆಯಾಗಿ. ಹಾಗೆ ಸುತ್ತಿದರೆ ಎಂಟರ ಒಂದು ಸುತ್ತಿನಲ್ಲಿ ಬಿದ್ದ ತಿರುಚನ್ನು ಇನ್ನೊಂದು ಸುತ್ತು ಬಿಡಿಸಿಬಿಡುತ್ತದೆ. ಹೊರತುದಿಗೆ ಗುರುತಿಗೆಂದು ಕೆಂಪು ಉಣ್ಣೆ. ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಅವನ ಕೋಳಿಕಾಲಿನ ಅಕ್ಷರ: ನೂರು ಮೀಟರ್, ಜೋಡಣೆ ಎರಡು.

ಹಿಲ್ಡಾ ಒಂದು ಹಲಗೆಯನ್ನು ಬೆರಳಿನಿಂದ ಸವರಿದಳು. ಎಲ್ಲೂ ಉಬ್ಬಿಲ್ಲ. ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ.

"ಚಹಾ ಕುಡಿ, ಆರುತ್ತೆ," ಎಂದ ವಿಲ್ಫ್.

ಎಂಟಕ್ಕೆ ಶುರುಮಾಡಿದರು. ವಿಲ್ಫ್ ಗೂಟ ನೆಟ್ಟ, ಹಿಲ್ಡಾ ಗೇಟಿನ ಬಳಿ ನಿಂತು ಹಲಗೆ ಹಿಡಿದಳು. ಪಟ್ಟಿ ಬೆಣ್ಣೆಯ ಮೇಲೆ ಜಾರಿದಂತೆ ಬಿಚ್ಚಿಕೊಂಡು ಹೋಯಿತು, ಒಂದು ಸಲವೂ ತಡೆಯಲಿಲ್ಲ. ಒಂಬತ್ತೂವರೆಗೆ ಬ್ಯಾಟರಿ ಜೋಡಿಸಿ, ತೀರಾ ದೂರದ ಮೂಲೆಯಲ್ಲಿ ಐದು ಪುಟ್ಟ ದೀಪಗಳ ಪರೀಕ್ಷಾ ಸಾಧನ ಮುಟ್ಟಿಸಿದರೆ ಐದೂ ಹತ್ತಿದವು. ತಂತಿ ಎಲ್ಲಿಯೂ ಮುರಿದಿರಲಿಲ್ಲ.

ಆಡ್ರಿಯೇ ಡ್ಯಾಮ್ಸನ್‌ನ ಹಗ್ಗ ಹಿಡಿದು ಕರೆತಂದಳು. ಕುದುರೆ ಬೇಲಿಯಾಚೆಯ ಹಸಿರನ್ನು ಒಮ್ಮೆ, ಪಟ್ಟಿಯನ್ನು ಒಮ್ಮೆ ನೋಡಿ, ನಿಟ್ಟುಸಿರುಬಿಟ್ಟು ತನ್ನ ಇಕ್ಕಟ್ಟಿನ ದಾರಿಯಲ್ಲಿ ನಡೆಯಿತು. ನಾಲ್ಕೂ ಕಾಲು ಸಮವಾಗಿ ಊರುತ್ತಿತ್ತು. ಹಿಲ್ಡಾ ಮೊದಲು ನೋಡಿದ್ದು ಅದನ್ನೇ.

"ಅಂತೂ ಆ ಪಟ್ಟಿ ಇದಕ್ಕೇನಾ!" ಎಂದಳು ಆಡ್ರಿ. "ಫೆಬ್ರವರಿ ಚಳೀಲಿ ಈ ಮನುಷ್ಯ ಓಣಿಯುದ್ದಕ್ಕೂ ಪಟ್ಟಿ ಹಾಸಿ, ಅದರ ತುದಿ ಹಿಡ್ಕೊಂಡು ಮಾಂಸ ಅರೆಯೋ ಕೈಮಿಷನ್ ತಿರುಗಿಸೋ ಹಾಗೆ ತಿರುಗಿಸ್ತಿದ್ದ ಕಣೇ. ಅದೂ ಗಟ್ಟಿಯಾಗಿ ಎಣಿಸ್ಕೊಂಡು! ಪಾಪ, ಹೆಂಡ್ತಿ ಆಸ್ಪತ್ರೆ ಸೇರಿದ್ದಕ್ಕೆ ತಲೆ ಕೆಟ್ಟಿದೆ ಅಂತ ನಾನು ಒಂದು ಕಡುಬು ಮಾಡಿ ಕಳಿಸ್ದೆ."

"ಕಡುಬು ಚೆನ್ನಾಗಿತ್ತು," ಎಂದ ವಿಲ್ಫ್.

"ನಲವತ್ತು ವರ್ಷ ಹೇಳಿದ್ರೂ ಮೊಣಕೈ ಬಿಡದವನು," ಹಿಲ್ಡಾ ಅವನ ಕಡೆ ತಿರುಗಿದಳು, "ಈ ಸಲ ನಾನು ಬಾಯೇ ಬಿಡ್ಲಿಲ್ಲ. ನಿನಗೆ ಹೇಗೆ ಬುದ್ಧಿ ಬಂತು?"

"ನೀನೇ ಹೇಳಿದ್ಯಲ್ಲ."

"ಯಾವಾಗ? ತುಟಿ ಕಚ್ಕೊಂಡಿದ್ದೆ ನಾನು!"

ವಿಲ್ಫ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಆಪರೇಷನ್ ಆದ ಮಧ್ಯಾಹ್ನ. ನಿನಗೆ ಅರ್ಧ ಎಚ್ಚರ. ನರ್ಸು ಬಂದು ಕೇಳಿದ್ಳು, ಅಮ್ಮಾ, ನೋವು ಎಷ್ಟಿದೆ, ಸೊನ್ನೆಯಿಂದ ಹತ್ತರೊಳಗೆ ಒಂದು ನಂಬರ್ ಹೇಳಿ ಅಂತ. ನೀನು ಒಂದು ಕಣ್ಣು ತೆಗೆದು, ಅವಳನ್ನಲ್ಲ, ನನ್ನ ಮೊಣಕೈ ನೋಡ್ದೆ. ನೋಡಿ, ಇಡೀ ವಾರ್ಡಿಗೆ ಕೇಳೋ ಹಾಗೆ ಹೇಳ್ದೆ."

"ಏನಂತ?"

"ಮುನ್ನೂರು."