ಟ್ರೈಲರ್ ಮೇಲಿನ ನಾಲ್ಕು ನಿಂಬೆಹಣ್ಣು

2023ರ ಬೇಸಿಗೆಯಲ್ಲಿ ನಾನು ನೆದರ್‌ಲ್ಯಾಂಡ್ಸಿನ ಬೆಸ್ಟ್ ಎಂಬ ಊರಿನ ಮೋಟರ್‌ಹೋಮ್ ವರ್ಕ್‌ಶಾಪೊಂದರಲ್ಲಿ ಹಿರಿಯ ಟೆಕ್ನೀಷಿಯನ್ ಆಗಿದ್ದೆ. ಮೋಟರ್‌ಹೋಮ್ ಎಂದರೆ ಅಡುಗೆಮನೆ, ಹಾಸಿಗೆ, ಶೌಚಾಲಯ ಎಲ್ಲವನ್ನೂ ಹೊತ್ತು ತಿರುಗುವ ವಾಹನ. ಅದರ ಹಿಂದೆ ಟ್ರೈಲರ್ ಕಟ್ಟಿಕೊಂಡು ಹೋಗುವವರು ಬಂದರೆ ಜೋಡಣೆಯ ಕೆಲಸ ನನ್ನದು. ಇಪ್ಪತ್ತು ವರ್ಷ ಅದನ್ನೇ ಮಾಡಿದ್ದರಿಂದ ಸ್ವಲ್ಪ ಜಂಬವೂ ಇತ್ತು.

ಹತ್ತಿರದ ವೆಲ್ಡ್‌ಹೋವನ್ ಊರಿನಲ್ಲಿದ್ದ ಸದಾನಂದ ರಾಯರು ಮೂಲತಃ ಮಂಗಳೂರಿನವರು, ನಿವೃತ್ತ ಇಂಜಿನಿಯರ್. ಅವರ ಹೆಂಡತಿ ವಿಜಯಕ್ಕ ಮೂರು ಸಲ ಫೇಲಾಗಿ, ನಾಲ್ಕನೆಯ ಸಲ ಇಲ್ಲಿನ ಡ್ರೈವಿಂಗ್ ಲೈಸೆನ್ಸ್ ಗಿಟ್ಟಿಸಿದವರು. ತಮಗೆ ಅರವತ್ತು ತುಂಬಿದಾಗ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಕೊಂಡರು. ಆಲ್ಪ್ಸ್ ಘಾಟಿಯ ತಿರುವುಗಳಲ್ಲಿ ಅದನ್ನು ತಾವೇ ಓಡಿಸಬೇಕೆಂಬುದು ಅವರ ಆಸೆ. ರಾಯರು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ತಮ್ಮ ಮೋಟರ್‌ಹೋಮಿನ ಹಿಂದೆ ಅದನ್ನು ಎಳೆದೊಯ್ಯುವುದರಲ್ಲಿ ಚೂರು ತೊಂದರೆ ಕಂಡರೂ ಕಾರು ಮನೆಯಲ್ಲೇ ಉಳಿಯಬೇಕು.

ಬುಧವಾರ ಕಾರನ್ನು ಟ್ರೈಲರಿಗೆ ಹತ್ತಿಸಿದೆ. ಕಾರು 900 ಕಿಲೋ, ಟ್ರೈಲರ್ 450. ಆದರೆ ಒಟ್ಟು ತೂಕದಷ್ಟೇ ಮುಖ್ಯವಾದದ್ದು ಟ್ರೈಲರಿನ ಮೂತಿ ಮೋಟರ್‌ಹೋಮಿನ ಕೊಕ್ಕೆಯ ಮೇಲೆ ಊರುವ ಭಾರ. ಡಚ್ಚರು ಅದನ್ನು ಕೋಗಲ್‌ಡ್ರುಕ್ ಎನ್ನುತ್ತಾರೆ. ಅದು ಕಡಿಮೆಯಾದರೆ ವೇಗದಲ್ಲಿ ಟ್ರೈಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ. ನಾನು ಅದನ್ನು 85 ಕಿಲೋಗೆ ಹೊಂದಿಸಿ, ಮುಂದಿನ ಚಕ್ರ ನಿಂತ ಜಾಗಕ್ಕೆ ನೀಲಿ ಟೇಪ್ ಅಂಟಿಸಿ ಕಳಿಸಿಕೊಟ್ಟೆ. ಟೇಪ್ ಯಾತಕ್ಕೆಂದು ಮಾತ್ರ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ರಾಯರ ಫೋನ್ ಬಂತು. “ಶೆಟ್ರೇ, ಎಪ್ಪತ್ತು ದಾಟಿದ್ರೆ ಟ್ರೈಲರ್ ಓಲಾಡ್ತದೆ. ಹೈವೇ ಬದಿಯ ಪಾರ್ಕಿಂಗಲ್ಲಿ ನಿಲ್ಲಿಸಿದ್ದೇವೆ.”

“ಕಾರಿನೊಳಗೆ ಏನಾದ್ರೂ ತುಂಬಿಸಿದ್ದೀರಾ?”

“ಒಂದು ಕರ್ಚೀಫೂ ಇಲ್ಲ ಮಾರಾಯ್ರೆ!”

ಮುಕ್ಕಾಲು ಗಂಟೆಯಲ್ಲಿ ಅಲ್ಲಿಗೆ ತಲುಪಿದೆ. ಟೈರಿನ ಗಾಳಿ ಸರಿ, ಕಾರು ಕಟ್ಟಿದ ಬೆಲ್ಟುಗಳು ಬಿಗಿ. ಮೂತಿಯ ಭಾರ ಅಳೆದರೆ ಬರೀ 18 ಕಿಲೋ! ಹಾಗೇ ಮುಂದುವರಿದಿದ್ದರೆ ಏನಾಗುತ್ತಿತ್ತೆಂದು ನೆನೆಯಲೂ ಭಯ.

“ಸಾಕು, ಕಾರನ್ನು ನಿಮ್ಮ ವರ್ಕ್‌ಶಾಪಲ್ಲೇ ಬಿಟ್ಟು ಹೋಗ್ತೇವೆ,” ಎಂದರು ರಾಯರು. ವಿಜಯಕ್ಕ ಕಾರಿನ ಕೀಲಿಯನ್ನು ವ್ಯಾನಿಟಿ ಬ್ಯಾಗಿಗೆ ಹಾಕಿ ಜಿಪ್ ಎಳೆದುಕೊಂಡರು. ಅವರ ಮುಖ ನೋಡಲಾಗಲಿಲ್ಲ. ಮಂಡಿಯೂರಿ ಚಕ್ರದ ಬಳಿ ಬಗ್ಗಿದೆ. ಟೈರಿನಡಿ ಒಂದು ನಿಂಬೆಹಣ್ಣು ಅಪ್ಪಚ್ಚಿಯಾಗಿ ಕೂತಿತ್ತು. ನನ್ನ ನೀಲಿ ಟೇಪ್ ಒಂದಡಿ ಮುಂದಿತ್ತು.

“ವಿಜಯಕ್ಕ, ಇದೆಂತದು?”

“ಪೂಜೆ ಮಾಡದೆ ಹೊಸ ಗಾಡಿ ಹೊರಡಿಸ್ಲಿಕ್ಕುಂಟಾ? ಚಕ್ರದ ಮುಂದೆ ಟ್ರೈಲರಿನ ಅಡ್ಡಪಟ್ಟಿ ಇತ್ತು, ನಿಂಬೆಹಣ್ಣಿಡ್ಲಿಕ್ಕೆ ಜಾಗವೇ ಇರ್ಲಿಲ್ಲ. ಸ್ವಲ್ಪ ಹಿಂದೆ ತೆಗೆಸಿದೆ.”

ಹಿಂದೆ ಸರಿಸಿ, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣಿಟ್ಟು, ಅದು ಒಡೆಯುವಷ್ಟೇ ಮುಂದೆ ತಂದು, ರಾಯರು ಅಲ್ಲೇ ಬಿಗಿದು ಕಟ್ಟಿದ್ದರು. 900 ಕಿಲೋದ ಕಾರು ಒಂದಡಿ ಹಿಂದೆ ನಿಂತರೆ ಮೂತಿಯ ಭಾರ ಇಳಿಯದೆ ಇನ್ನೇನು? ನಾನು ಬಿದ್ದು ಬಿದ್ದು ನಕ್ಕೆ. ರಾಯರೂ ನಕ್ಕರು, ಕೊಂಚ ತಡವಾಗಿ.

ಕಾರು ಮುಂದೆ ತರಲು ರಾಯರು ಕೀಲಿಗೆ ಕೈ ಚಾಚಿದರು. ವಿಜಯಕ್ಕ ಕೊಡಲಿಲ್ಲ. “ನನ್ನ ಪೂಜೆಯಿಂದ ಆದದ್ದು, ನಾನೇ ಸರಿ ಮಾಡ್ತೇನೆ,” ಎಂದು ಹತ್ತಿ ಕೂತು, ನನ್ನ ಕೈಸನ್ನೆ ನೋಡುತ್ತಾ ಟೇಪಿನ ಗೆರೆಗೆ ತಂದು ನಿಲ್ಲಿಸಿದರು. ಬಿಗಿದು ಅಳೆದೆ: 85. ಹತ್ತು ಕಿಲೋಮೀಟರ್ ಅವರ ಹಿಂದೆಯೇ ಹೋದೆ. ಎಂಬತ್ತರಲ್ಲೂ ಟ್ರೈಲರ್ ಮಿಸುಕಲಿಲ್ಲ.

ವಾರದ ನಂತರ ಒಂದು ಫೋಟೋ ಬಂತು. ಘಾಟಿಯ ತುದಿಯಲ್ಲಿ ಕೆಂಪು ಕಾರು, ಸ್ಟೀರಿಂಗ್ ಹಿಡಿದು ಹಲ್ಲು ಬಿಟ್ಟ ವಿಜಯಕ್ಕ, ಪಕ್ಕದ ಸೀಟಿನಲ್ಲಿ ಎರಡೂ ಕೈಯಲ್ಲಿ ಬಾಗಿಲು ಹಿಡಿದ ರಾಯರು. ನೋಡಿ ಕಣ್ಣು ತುಂಬಿತು.

ತಪ್ಪು ನಿಂಬೆಹಣ್ಣಿನದಲ್ಲ, ನನ್ನದು. ನಮ್ಮವರು ಪೂಜೆ ಮಾಡದೆ ಗಾಡಿ ಹೊರಡಿಸುವುದಿಲ್ಲ ಎಂಬುದು ನನಗಲ್ಲದೆ ಆ ವರ್ಕ್‌ಶಾಪಿನಲ್ಲಿ ಇನ್ಯಾರಿಗೆ ಗೊತ್ತಿರಬೇಕಿತ್ತು? ಗಾಡಿಯನ್ನು ಅಳೆದರೆ ಸಾಲದು, ಹೊರಡುವವರನ್ನೂ ಕೇಳಬೇಕು ಎಂದು ಆ ದಿನ ಕಲಿತೆ. ಅಂದಿನಿಂದ ನಿವೃತ್ತನಾಗುವವರೆಗೂ ನನ್ನ ಸ್ಪ್ಯಾನರ್ ಡ್ರಾಯರಿನಲ್ಲಿ ನಾಲ್ಕು ನಿಂಬೆಹಣ್ಣು ಇರುತ್ತಿದ್ದವು. ನಮ್ಮವರು ಬಂದರೆ ಮೊದಲು ಪೂಜೆ, ಆಮೇಲೆ ತೂಕ.