ಉಮಾವತಿಯ ಡಬ್ಬಿ ಸೇರಿದ ಮುಟ್ಟೆಮಾಲೆ

ಕದ್ರಿಯ ಉಮಾವತಿಗೆ ಮೊಟ್ಟೆಯೆಂದರೆ ಬಾಂಬು. ಗಂಡ ಜಯಪಾಲ ಶೆಟ್ಟರ ಕೊಡಿಯಾಲ್‌ಬೈಲ್ ಹೋಟೆಲಿನಲ್ಲಿ ದಿನಕ್ಕೆ ಇನ್ನೂರು ಆಮ್ಲೆಟ್ ಮಗುಚಿಕೊಳ್ಳುತ್ತಿದ್ದರೂ, ಮನೆಯ ಒಲೆಯಲ್ಲಿ ಮೊಟ್ಟೆ ಬೇಯುತ್ತಿರಲಿಲ್ಲ. ೧೯೭೯ರಲ್ಲಿ, ವರ್ಷದ ಮಗಳು ಆಶಾಲತಾ ಒಂದು ಚಮಚ ಮೊಟ್ಟೆ ತಿಂದು, ಮೈಯೆಲ್ಲ ಗಂಧೆಯೆದ್ದು, ತುಟಿ ಬಾತು ಆಸ್ಪತ್ರೆ ಸೇರಿದ್ದಳು. ಅತ್ತೆ ನಂಜು ಎಂದರು, ಡಾಕ್ಟರು ಅಲರ್ಜಿ ಎಂದರು. ಹೆಸರು ಯಾವುದಾದರೇನು, ಹೊಟ್ಟೆಗೂ ಮೊಟ್ಟೆಗೂ ಪ್ರಾಸ ಕೂಡಿತೇ ಹೊರತು ಜಾತಕ ಕೂಡಲಿಲ್ಲ.

ಪಕ್ಕದ ಮನೆಯ ಮುಮ್ತಾಝ್‌ಗೂ ಇದು ಗೊತ್ತು. ಅವರ ಹಬ್ಬಕ್ಕೆ ಎರಡು ತಟ್ಟೆ ಬರುತ್ತಿತ್ತು: ದೊಡ್ಡವರಿಗೆ ಮೊಟ್ಟೆಯ ಹಳದಿಯನ್ನು ಸಕ್ಕರೆ ಪಾಕದಲ್ಲಿ ಎಳೆಯೆಳೆಯಾಗಿ ಬೇಯಿಸಿದ ಮುಟ್ಟೆಮಾಲೆ, ಮಗುವಿಗೆ ಬೇರೆಯೇ ಹಲ್ವ.

೧೯೮೩ರ ಹಬ್ಬ. ಬಂದ ತಟ್ಟೆಯನ್ನು ಖಾಲಿ ಹಿಂದಿರುಗಿಸಬಾರದು, ತಡಮಾಡಲೂ ಬಾರದು. ಉಮಾವತಿ ಅವಸರದಲ್ಲಿ ಎರಡನ್ನೂ ಒಂದೇ ಡಬ್ಬಿಗೆ ಸುರಿದು, ತಟ್ಟೆ ತೊಳೆದು, ಬಾಳೆಹಣ್ಣು ಇಟ್ಟು ಕೊಟ್ಟು ಬಂದಳು. ಬಂದು ನೋಡಿದರೆ ಮಗಳ ಗಲ್ಲದ ಮೇಲೆ ಹಳದಿ ಎಳೆ.

"ಅಮ್ಮಾ, ಈ ಶ್ಯಾವಿಗೆ ಒಳ್ಳೆ ಸಿಹಿ ಉಂಟು!"

ಉಮಾವತಿಯ ಕೂಗಿಗೆ ಮುಮ್ತಾಝ್ ಕಂಪೌಂಡ್ ಹಾರಿಯೇ ಬಂದಳು. ಮೂವರೂ ರಿಕ್ಷಾ ಹತ್ತಿ ಅತ್ತಾವರದ ಆಸ್ಪತ್ರೆಗೆ ಓಡಿದರು.

"ತಪ್ಪು ನನ್ನದು ಉಮಕ್ಕ. ಅದನ್ನು ಕಳಿಸಲೇಬಾರದಿತ್ತು."

"ಸುಮ್ಮನಿರು ಮಾರಾಯ್ತಿ. ಸುರಿದದ್ದು ನಾನು."

ಡಾಕ್ಟರ್ ಚಿತ್ತರಂಜನರು ಇಂಜೆಕ್ಷನ್ ಸಿದ್ಧವಿಟ್ಟು, ಮಗುವನ್ನು ಕಣ್ಣೆದುರೇ ಕೂರಿಸಿದರು. ಅರ್ಧ ಗಂಟೆ. ಒಂದು ಗಂಟೆ. ಉಮಾವತಿಯ ನೋಟ ಮಗಳ ತುಟಿ ಬಿಟ್ಟು ಕದಲಲಿಲ್ಲ. ಎರಡು ಗಂಟೆಯಾದರೂ ತುಟಿ ಬಾತಿರಲಿಲ್ಲ, ಬಾಯಿಯಂತೂ ನಿಂತಿರಲಿಲ್ಲ. ನರ್ಸ್ ನೆಲ್ಲಿಯ ಊರು, ಮನೆ, ಟೋಪಿಗೆ ಎಷ್ಟು ಪಿನ್ನು ಎಂಬುದೆಲ್ಲ ವಿಚಾರಣೆಯಾಗಿತ್ತು.

"ಇದೆಂತ ಡಾಕ್ಟ್ರೇ, ಏನೂ ಆಗ್ಲಿಲ್ಲವಲ್ಲ?"

"ಹೋಟೆಲಿಗೆ ಹೊಸ ವಾಚ್‌ಮನ್ ಬಂದರೆ ಎಂತ ಮಾಡ್ತಾನೆ?"

"ಮೊನ್ನೆ ನಮ್ಮ ಯಜಮಾನರನ್ನೇ ಗೇಟಲ್ಲಿ ತಡೆದ."

"ಕರುಳಿನಲ್ಲೂ ಅಂಥ ಕಾವಲು ಉಂಟು. ಬಂದವರಲ್ಲಿ ಕಳ್ಳ ಯಾರು, ನೆಂಟ ಯಾರು ಅಂತ ಅದು ಕಲೀಬೇಕು. ಹೆಚ್ಚಿನ ಮಕ್ಕಳಲ್ಲಿ ಬೇಗ ಕಲೀತದೆ. ಇವಳದ್ದು ಮೊಟ್ಟೆಯ ಪಾಠದಲ್ಲಿ ಫೇಲಾಗಿತ್ತು, ಈಗ ಪಾಸಾದ ಹಾಗೆ ಕಾಣ್ತದೆ. ಆದರೆ ಮನೆಯಲ್ಲಿ ಪರೀಕ್ಷೆ ಮಾಡ್ಲಿಕ್ಕೆ ಹೋಗ್ಬೇಡಿ. ಇಲ್ಲಿಗೇ ಬನ್ನಿ, ಚೂರು ಚೂರೇ ಕೊಟ್ಟು ನೋಡುವ."

ಉಮಾವತಿ ಮುಮ್ತಾಝ್‌ಳ ಹೆಗಲಿಗೆ ತಲೆಯಿಟ್ಟು ನಕ್ಕಳು. ಸೆರಗು ಮಾತ್ರ ಒದ್ದೆಯಾಯಿತು.

"ಅಮ್ಮಾ, ಹಸಿವಾಗ್ತದೆ" ಎಂದಳು ಆಶಾಲತಾ.

ನಾಲ್ಕು ವರ್ಷ ಆ ಮಾತಿಗೆ ಉಮಾವತಿ ಬೇಡದ್ದರ ಪಟ್ಟಿಯನ್ನಷ್ಟೇ ಒಪ್ಪಿಸುತ್ತಿದ್ದಳು. ಈಗ ಮಗಳನ್ನು ಸೊಂಟಕ್ಕೇರಿಸಿಕೊಂಡು ಕೇಳಿದಳು:

"ಎಂತ ಬೇಕು ಮಗಾ?"