ಅರಿಶಿನ ತಾಗಿದ ಬಿಳಿ ಟೇಪು

ಹೋದ ತಿಂಗಳು ಸಿಂಚನಾಳ ಆರತಕ್ಷತೆಯ ದಿನ ಕೇಕಿನ ಡಬ್ಬದ ಮುಚ್ಚಳ ತೆಗೆದಾಗ ಬಂದ ವಾಸನೆ ನನ್ನನ್ನು ಹಿಡಿದು ನಿಲ್ಲಿಸಿಬಿಟ್ಟಿತು. ಬೆಣ್ಣೆ, ಸಕ್ಕರೆ, ವೆನಿಲಾ, ಅದರ ಹಿಂದೆಯೇ ಹೊಸ ಸ್ಯಾಟಿನ್ ಬಟ್ಟೆಯ ಗಂಜಿ ವಾಸನೆ. ಈಗಿನ ಕೇಕುಗಳಿಗೆ ನಿಜವಾದ ಬೆಣ್ಣೆ ಹಾಕುವವರು ಕಡಿಮೆಯಂತೆ. ಇದನ್ನು ಮಾಡಿದ್ದು ಯಾರೋ ಹಳೆಯ ಕೈ ಇರಬೇಕು; ಮೂರು ಅಂತಸ್ತಿಗೂ ಜಡೆಗೆ ಕಟ್ಟುವಂಥ ಬಿಳಿ ಸ್ಯಾಟಿನ್ ಟೇಪು ಸುತ್ತಿದ್ದರು. ನಾನು ಮೆಲ್ಲಗೆ ಗೋಡೆಯ ಕಡೆ ಸರಿದುಕೊಂಡೆ. ತೇಜು ಓಡಿ ಬಂದು, "ಮೊಟ್ಟೆ ಇಲ್ಲ ಕಣಜ್ಜಿ, ಎಗ್‌ಲೆಸ್ಸೇ ಹೇಳಿರೋದು. ಬಾ ಫೋಟೋಗೆ" ಎಂದ. ಅಜ್ಜಿ ಮೊಟ್ಟೆಗೆ ಹೆದರಿದಳೆಂದು ನೀವೆಲ್ಲ ನಕ್ಕಿರಿ. ನಾನೂ ನಕ್ಕೆ. ಬೇಕಾದ ಹೊತ್ತಿಗೆ ನನಗೆ ಎಂದೂ ಬಾಯಿ ಬಂದಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ. ಹಳ್ಳಿ ಸ್ಕೂಲಿನಲ್ಲಿ ಕಲಿತ ಕನ್ನಡ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನನ್ನಮ್ಮ ತೀರಿಕೊಂಡಾಗ ನನಗೆ ಹನ್ನೆರಡು ವರ್ಷ. ಮಾಗಡಿ ಕಡೆಯ ನಮ್ಮೂರಿನ ಸ್ಕೂಲು ಏಳಕ್ಕೇ ಮುಗಿಯುತ್ತಿತ್ತು. ಅಪ್ಪ ನನ್ನನ್ನು ಮುಂದಿನ ಓದಿಗೆಂದು ರಾಜಾಜಿನಗರದ ಸೋದರತ್ತೆಯ ಮನೆಯಲ್ಲಿ ಬಿಟ್ಟು, ಸಂಜೆಯ ಬಸ್ಸಿಗೇ ಹೊರಟುಹೋದರು. ಅತ್ತೆ ಕೆಟ್ಟವರಲ್ಲ, ಮಾತು ಕಡಿಮೆ. ಮಾವ ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದು ಹಗಲಲ್ಲಿ ಮಲಗುತ್ತಿದ್ದರು. ಅವರು ಮಲಗಿರುವಷ್ಟು ಹೊತ್ತು ಲೋಟ ಇಟ್ಟ ಸದ್ದೂ ಆಗಬಾರದು. ಬೀದಿಯ ಹುಡುಗಿಯರು ನಾನು ಬಾಯಿ ತೆರೆದರೆ ಸಾಕು, "ಹಳ್ಳಿ ಗುಗ್ಗು" ಎಂದು ನಗುತ್ತಿದ್ದರು. ನಾನು ಬಾಯಿ ತೆರೆಯುವುದನ್ನೇ ಬಿಟ್ಟೆ. ನನಗಾಗಿ ತೆರೆದಿರುತ್ತಿದ್ದ ಬಾಗಿಲು ಒಂದೇ, ನಮ್ಮ ಹಿಂದಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದ ಎಮಿಲಿ ಆಂಟಿಯದು.

ಆಂಟಿ ಮದುವೆ ಕೇಕು ಮಾಡಿಕೊಡುತ್ತಿದ್ದರು. ಗಂಡ ತೀರಿಕೊಂಡು ವರ್ಷಗಳಾಗಿದ್ದರೂ ದೊಡ್ಡ ದೊಡ್ಡ ಹೂವಿನ ಗೌನು ಹಾಕುತ್ತಿದ್ದರು. ಆ ಮನೆಯಲ್ಲಿ ನಾನು ಕಂಡ ಮೊದಲ ಆಶ್ಚರ್ಯ ಅದು. ಮಗಳು ಲೀನಕ್ಕ ಟೈಪಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಇದ್ದದ್ದು ಒಂದೂವರೆ ಕೋಣೆ. ಬೆಳಗಿನ ಜಾವದ ತಂಪು ಇಳಿಯುವ ಮುಂಚೆ ಆಂಟಿ ತಣ್ಣೀರಿನ ಬೋಗುಣಿಯಲ್ಲಿ ಪಾತ್ರೆ ಇಟ್ಟುಕೊಂಡು, ಕೇಕಿನ ಮೇಲೆ ಬಳಿಯುವ ಕ್ರೀಮಿಗೆ ಬೆಣ್ಣೆ ಕಡೆಯಲು ಕೂರುತ್ತಿದ್ದರು. ಹಳದಿ ಬೆಣ್ಣೆ ಮರದ ಸೌಟಿನ ಏಟಿಗೆ ಬಿಳಿಚಿಕೊಳ್ಳುತ್ತಾ, ಹಗುರಾಗುತ್ತಾ, ಕೊನೆಗೆ ಮಲ್ಲಿಗೆ ರಾಶಿಯ ಹಾಗೆ ಆಗುವುದನ್ನು ನಾನು ಹೊಸ್ತಿಲಲ್ಲಿ ಕೂತು ನೋಡುತ್ತಿದ್ದೆ. ಅಲ್ಲಿ ಏನನ್ನೂ ಬಾಯಿಗೆ ಹಾಕಬಾರದೆಂದು ಅತ್ತೆಯ ಕಟ್ಟಪ್ಪಣೆ. ಕೇಕಿಗೆ ಮೊಟ್ಟೆ ಬೀಳುತ್ತಿತ್ತಲ್ಲ. ಅದು ಗೊತ್ತಾದ ಮೇಲೆ ಆಂಟಿ ನನಗೆ ಟೇಪಿನ ಸುರುಳಿ ಕೊಟ್ಟು, "ಇದರಲ್ಲಿ ಮೊಟ್ಟೆ ಇಲ್ಲ ಬಿಡು ಗಂಗಾ, ನಿಮ್ಮತ್ತೆ ಏನೂ ಅನ್ನಲ್ಲ" ಎಂದರು.

ಟೇಪು ಸುತ್ತುವುದು ಸುಲಭವೆಂದು ತಿಳಿಯಬೇಡಿ. ಬೆಣ್ಣೆ ಬಟ್ಟೆಗೆ ತಾಗಿದರೆ ಎಣ್ಣೆ ಹೀರಿ ಟೇಪು ಮಬ್ಬಾಗುತ್ತದೆ. ಅದಕ್ಕೇ ಟೇಪಿಗಿಂತ ಒಂದು ಕೂದಲೆಳೆ ಕಿರಿದಾಗಿ ಮೇಣದ ಕಾಗದ ಕತ್ತರಿಸಿ, ಮೊದಲು ಅದನ್ನು ಸುತ್ತಿ, ಅದರ ಮೇಲೆ ಟೇಪು ಸುತ್ತಬೇಕು. ಕ್ರೀಮಿನ ಮೇಲೆ ತೆಳ್ಳಗೆ ಪೊರೆ ಕಟ್ಟುವ ತನಕ ಕಾಯಬೇಕು. ತುದಿಯನ್ನು ಒಳಕ್ಕೆ ಮಡಿಸಿ, ಹಿಂಭಾಗದಲ್ಲಿ ಒಂದು ಬೊಟ್ಟು ಕ್ರೀಮಿನಿಂದ ಅಂಟಿಸಬೇಕು. ಗುಂಡುಪಿನ್ನು ಚುಚ್ಚುವ ಹಾಗಿಲ್ಲ, ಯಾರ ಬಾಯಿಗಾದರೂ ಹೋದೀತು. ಅಂಚು ಕೊಳೆಯಾದರೆ ಆಂಟಿ ಮರುಮಾತಿಲ್ಲದೆ ಅಷ್ಟುದ್ದ ಕತ್ತರಿಸಿ ಎಸೆಯುತ್ತಿದ್ದರು. ನನ್ನ ಬೆರಳು ಸಣ್ಣವು, ನಡುಗುತ್ತಿರಲಿಲ್ಲ. ಮಾತು ಬೇಡದ ಕೆಲಸ. ಎರಡು ವರ್ಷದಲ್ಲಿ ಆ ಮನೆಯಿಂದ ಹೊರಟ ಕೇಕುಗಳಿಗೆಲ್ಲ ನನ್ನದೇ ಟೇಪು.

ಆಮೇಲೆ ಲೀನಕ್ಕನಿಗೇ ಮದುವೆ ಗೊತ್ತಾಯಿತು. ಮದುವೆಯ ಹಿಂದಿನ ದಿನ ಸಂಜೆ ಆಂಟಿ ಹೊಸ ಸುರುಳಿ ನನ್ನ ಮಡಿಲಿಗೆ ಹಾಕಿ, "ಮೂರು ಅಂತಸ್ತಿಗೂ ನೀನೇ ಕಟ್ಟು. ಮಗಳ ಕೇಕು ನೋಡು, ನಂಗೆ ಆಗಲ್ಲ" ಎಂದು ಮೂಗು ಒರೆಸಿಕೊಂಡು ಹೊರಗೆ ಹೋದರು. ನಾನೊಬ್ಬಳೇ ಕೂತೆ. ಕೇಕು ಬಿಳಿ, ಟೇಪು ಬಿಳಿ, ಬಾಗಿಲ ಹಿಂದೆ ತೂಗುಹಾಕಿದ್ದ ಲೀನಕ್ಕನ ಉಡುಪೂ ಬಿಳಿ. ಎಷ್ಟೋ ಕೇಕು ಕಟ್ಟಿದ್ದೆ, ಅವೆಲ್ಲ ಯಾರ ಯಾರದೋ ಮದುವೆಯವು. ಇದು ನನ್ನ ತಲೆ ಬಾಚುತ್ತಿದ್ದವಳದು. ನಮ್ಮೂರಲ್ಲಿ ಮೈತುಂಬ ಬಿಳಿ ಉಡುತ್ತಿದ್ದವರು ಗಂಡ ಸತ್ತವರು ಮಾತ್ರ. ನನ್ನಮ್ಮ ಒಂದು ಕರವಸ್ತ್ರವನ್ನೂ ಮೂಲೆಗೆ ಅರಿಶಿನ ಮುಟ್ಟಿಸದೆ ಹೊಸದಾಗಿ ಬಳಸಲು ಕೊಟ್ಟವಳಲ್ಲ. ನಾನು ಎದ್ದು ಹೋಗಿ ನಮ್ಮ ದೇವರ ಮನೆಯ ಬಟ್ಟಲಿನಿಂದ ಒಂದು ಚಿಟಿಕೆ ಅರಿಶಿನ ತಂದೆ. ಮೂರು ಟೇಪಿನ ತುದಿಗೂ ನೀರಲ್ಲಿ ಕಲಸಿ ಹಚ್ಚಿ, ಯಾರಿಗೂ ಕಾಣದಂತೆ ಒಳಕ್ಕೆ ಮಡಿಸಿ ಅಂಟಿಸಿದೆ. ಅಮ್ಮನ ಕೆಲಸ ಮಾಡಿದ ಹಾಗೆ ಸಮಾಧಾನವಾಯಿತು.

ಅರಿಶಿನ ನೀರಿಗಿಂತ ಜಿಡ್ಡಿನಲ್ಲಿ ಬೇಗ ಓಡುತ್ತದೆಂದು, ಒಗ್ಗರಣೆ ಹಾಕುವ ನನಗೇ ಹೊಳೆಯಲಿಲ್ಲ. ಅಂಟಿಸಿದ ಬೊಟ್ಟು ಕ್ರೀಮಿನಿಂದ ಹಳದಿ ಹತ್ತಿ, ಬೆಳಗಾಗುವಷ್ಟರಲ್ಲಿ ಟೇಪಿನ ಮೇಲೆ ನಾಲ್ಕು ಬೆರಳಗಲ ಹರಡಿತ್ತು, ಕೇಕಿಗೂ ಇಳಿದಿತ್ತು. ಮೂರು ಅಂತಸ್ತಿನಲ್ಲೂ. ಆಂಟಿ ಅದನ್ನು ನೋಡಿ ಕುರ್ಚಿಯ ಮೇಲೆ ಕೂತುಬಿಟ್ಟರು. ಲೀನಕ್ಕ ಬಗ್ಗಿ ಮೂಸಿ, "ಅರಿಶಿನ, ಮಮ್ಮಿ" ಎಂದಳು.

ಆಂಟಿ ಸಿಟ್ಟಾಗಲಿಲ್ಲ. "ಯಾಕೆ ಹಚ್ಚಿದೆ ಹೇಳು ಗಂಗಾ. ಬೈಯಲ್ಲ ಕಣೇ, ಯಾಕೆ ಅಂತ ಹೇಳು ಅಷ್ಟೇ" ಎಂದರು.

ಉತ್ತರ ಗೊತ್ತಿತ್ತು. ಆದರೆ ಅದನ್ನು ಹೇಳಬೇಕಾದರೆ, ಮದುವೆಯ ಬೆಳಗ್ಗೆ ಮದುಮಗಳ ಎದುರೇ, ನೀನು ಉಡುವ ಬಿಳಿ ಮುಂಡೆಯರ ಬಿಳಿ ಎಂದು ಹೇಳಬೇಕಿತ್ತು. ಗಂಡನಿಲ್ಲದ ಆಂಟಿಯ ಎದುರೂ ಅದನ್ನೇ ಹೇಳಬೇಕಿತ್ತು. ನಾನು ಮನೆಗೆ ಓಡಿಬಂದು ಒಳಗಿನಿಂದ ಚಿಲಕ ಹಾಕಿಕೊಂಡೆ. ಕೇಕನ್ನು ಜೋಪಾನವಾಗಿ ಕಾರಿನಲ್ಲಿ ಇಡುವ ಮಾತುಗಳು ಗೋಡೆಯಾಚೆ ಕೇಳಿದವು. ಬೇರೆ ಟೇಪು ಸುತ್ತಿದರೋ, ಹಳದಿಯನ್ನು ಹಿಂದಕ್ಕೆ ತಿರುಗಿಸಿ ಇಟ್ಟರೋ ನನಗೆ ಗೊತ್ತಿಲ್ಲ. ನಾನು ಮದುವೆಗೆ ಹೋಗಲಿಲ್ಲ.

ಆಮೇಲೂ ಹೋಗಲಿಲ್ಲ. ಬೆಳಗಿನ ಜಾವ ಮರದ ಸೌಟಿನ ಸದ್ದು ಕೇಳುತ್ತಿತ್ತು, ಹಾಸಿಗೆಯಲ್ಲೇ ಮಲಗಿರುತ್ತಿದ್ದೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಸಿಕ್ಕಾಗ ಆಂಟಿ "ಬಾರೇ" ಎನ್ನುತ್ತಿದ್ದರು, ನಾನು ತಲೆಯಾಡಿಸಿ ಒಳಗೆ ಹೋಗುತ್ತಿದ್ದೆ. ಮೂರು ತಿಂಗಳಿಗೆ ಅವರು ಮನೆ ಖಾಲಿ ಮಾಡಿ ಲೀನಕ್ಕನ ಊರಿಗೆ ಹೋದರು. ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಬೀಗ ಬಿದ್ದಿತ್ತು. "ನಿಂಗೆ ಕೊಡು ಅಂದ್ರು" ಎಂದು ಅತ್ತೆ ಒಂದು ಬಿಸ್ಕತ್ತಿನ ಡಬ್ಬ ಕೊಟ್ಟರು.

ಒಳಗೆ ಆ ಮೂರು ಟೇಪುಗಳಿದ್ದವು. ಜಿಡ್ಡು ಹೋಗುವಂತೆ ತೊಳೆದು, ಇಸ್ತ್ರಿ ಹಾಕಿ ಸುತ್ತಿಟ್ಟಿದ್ದರು. ಕೊಳೆಯಾದ ಅಂಚನ್ನು ಎಂದೂ ಉಳಿಸದ ಎಮಿಲಿ ಆಂಟಿ ಆ ಹಳದಿ ತುದಿಗಳನ್ನು ಕತ್ತರಿಸಿರಲಿಲ್ಲ. ಅರಿಶಿನದ ಕಲೆ ಬಿಸಿಲು ಕಂಡರೆ ಎರಡು ದಿನಕ್ಕೆ ಹಾರಿಹೋಗುತ್ತದೆ. ಅವರು ನೆರಳಲ್ಲಿ ಒಣಗಿಸಿದ್ದರು. ಯಾಕೆಂದು ಅವರೂ ಹೇಳಲಿಲ್ಲ.

ಆ ಪೋರ್ಷನ್ನು ಈಗ ಇಲ್ಲ. ಅಲ್ಲಿ ನಾಲ್ಕು ಮಹಡಿ ಎದ್ದಿದೆ, ಒಗೆಯುವ ಕಲ್ಲಿದ್ದ ಕಡೆ ಕಾರು ನಿಲ್ಲುತ್ತದೆ.

ಸಿಂಚನಾ, ಆವತ್ತು ನಿನ್ನ ಕೇಕಿನ ಟೇಪಿಗೂ ಒಂದು ಚಿಟಿಕೆ ಮುಟ್ಟಿಸೋಣವೆಂದು ನನ್ನ ಕೈ ಎದ್ದಿತ್ತು. ನಿಮ್ಮ ತಾತ ಹೋದ ಮೇಲೆ ಮದುವೆ ಮನೆಗಳಲ್ಲಿ ಅರಿಶಿನದ ತಟ್ಟೆ ನನ್ನ ಪಕ್ಕದವರ ತನಕ ಬಂದು ಮುಂದೆ ಹೋಗುತ್ತದೆ. ಯಾರೂ ಬೇಡವೆನ್ನುವುದಿಲ್ಲ, ನಾನೂ ಕೇಳುವುದಿಲ್ಲ. ಅದಕ್ಕೇ ಗೋಡೆಯ ಕಡೆ ಸರಿದೆ, ಮೊಟ್ಟೆಗಲ್ಲ. ಎಲ್ಲರೂ ಹೊರಟ ಮೇಲೆ ಖಾಲಿ ಡಬ್ಬದಿಂದ ಆ ಟೇಪುಗಳನ್ನು ತೆಗೆದುಕೊಂಡು ಬಂದೆ. ತೊಳೆದು ನೆರಳಲ್ಲಿ ಒಣಗಿಸಿ ಅದೇ ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟಿದ್ದೇನೆ. ಲೀನಕ್ಕನವು ಮೂರು, ನಿನ್ನವು ಮೂರು. ಅವಳ ಟೇಪಿನ ತುದಿಗಳು ಇವತ್ತಿಗೂ ಹಳದಿ. ನಿನ್ನವು ಬೆಳ್ಳಗೇ ಇವೆ.